ರದ್ದಾದ ನೂರಾ ಹದಿನೇಳನೆಯ ಪರೀಕ್ಷೆ

ಸಾಫ್ಟ್‌ವೇರ್ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಆ ತಪ್ಪನ್ನು ಒಂದೇ ಗಂಟೆಯಲ್ಲಿ ಹೇಗೆ ಹಿಡಿದಿರಿ?" ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಒಂದೇ ಕಂಪನಿಯಲ್ಲಿ ಮೂವತ್ತು ವರ್ಷದ ಹತ್ತಿರ ದುಡಿದೆ. ಅಷ್ಟರಲ್ಲಿ ಜನ ನೆನಪಿಟ್ಟಿರುವುದು ಆ ಒಂದು ಗಂಟೆಯನ್ನು ಮಾತ್ರ.

ಈಗ ಕಂಪನಿ ನಡೆಸುತ್ತಿರುವವಳು ವೈಶಾಲಿ, ನಮ್ಮ ಹಳೆಯ ಮಾಲಕರ ಮಗಳು. ಎರಡು ತಿಂಗಳ ಹಿಂದೆ ಕೊಲ್ಹಾಪುರದ ನನ್ನ ಮನೆಗೆ ಫೋನ್ ಮಾಡಿ, ಹೊಸಬರಿಗಾಗಿ ಒಂದು ಪುಸ್ತಿಕೆ ಅಚ್ಚು ಹಾಕಿಸುತ್ತಿದ್ದೇವೆ, ಆ ಗಂಟೆಯ ಕಥೆಯನ್ನು ನೀವೇ ಬರೆದುಕೊಡಿ ಕಾಕಾ ಎಂದಳು. ಸಂತೋಷದಿಂದ ಒಪ್ಪಿದೆ. ಬರೆಯಲು ಕುಳಿತಾಗ ತೊಡಕು ಶುರುವಾಯಿತು. ಆ ಕಥೆಯಲ್ಲಿ ಇನ್ನೊಬ್ಬರ ಹೆಸರು ಬರಬೇಕು: ಸುಮಂಗಲಾ. ಇಷ್ಟು ವರ್ಷ ಕಥೆಯನ್ನು ಆಕೆಯ ಹೆಸರಿಲ್ಲದೆ ಹೇಳುತ್ತಾ ಬಂದಿದ್ದೇನೆ. ಬಾಯಿಮಾತಿನಲ್ಲಿ ಅದು ನಡೆದುಹೋಯಿತು. ಕಾಗದದ ಮೇಲೆ ಕೈ ನಿಂತಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಮಂಗಲಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇತ್ತು ಎನ್ನುವುದಿಲ್ಲ, ಇದೆ. ಓದುವವರು ನನ್ನ ಮಾತನ್ನು ಅದಕ್ಕೆ ತಕ್ಕಂತೆ ತೂಗಿ ನೋಡಬೇಕು. ನನ್ನ ನೆನಪಿನ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುವಾಗ, ಒಬ್ಬನೇ ಸಾಕ್ಷಿಯ ಮಾತನ್ನು ಪುರಾವೆಯೆಂದು ಕರೆಯಬೇಡಿ ಎಂದು ಕಲಿಸಿದ್ದರು. ಇಲ್ಲಿ ಬಹುಪಾಲು ಸಾಕ್ಷಿ ನಾನೊಬ್ಬನೇ.

ನಾನು ಗಡಹಿಂಗ್ಲಜದ ಕಿರಾಣಿ ಅಂಗಡಿಯ ಮನೆಯವನು. ಕೆಲಸ ಸಿಕ್ಕಿದ್ದು ಇಚಲಕರಂಜಿಯಲ್ಲಿ, ನೂಲಿನ ಅಂಗಡಿಯೊಂದರ ಮೇಲಿದ್ದ ಎರಡು ಕೋಣೆಯ ಕಂಪನಿಯಲ್ಲಿ. ಒಟ್ಟು ಏಳು ಜನ. ಮಾಲಕರನ್ನು ಎಲ್ಲರೂ ದಾದಾ ಎನ್ನುತ್ತಿದ್ದೆವು. ದಾದಾ ಮರಾಠಿಯವರು. ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು, ಸಂತೋಷವಾದರೆ ಎಲ್ಲರ ತಟ್ಟೆಯಿಂದ ಒಂದೊಂದು ತುತ್ತು ತೆಗೆದುಕೊಂಡು ತಿನ್ನುತ್ತಿದ್ದರು. ನಾವು ತಯಾರಿಸುತ್ತಿದ್ದದ್ದು ವಿದ್ಯುತ್ ಮಗ್ಗಗಳಿಗೆ ಹಾಕುವ ಒಂದು ಡಬ್ಬಿ. ಮಗ್ಗ ಕೆಟ್ಟರೆ ನೇಕಾರ ಗುಂಡಿ ಒತ್ತಬೇಕು. ಶೆಡ್ಡಿನ ಬಾಗಿಲ ಬಳಿಯ ಕಂಪ್ಯೂಟರಿಗೆ ಸುದ್ದಿ ಹೋಗಿ, ಮಗ್ಗ ರಿಪೇರಿ ಮಾಡುವ ಜಾಬರ್‌ನ ಫಲಕದಲ್ಲಿ ಆ ಮಗ್ಗದ ಸಂಖ್ಯೆ ಮೂಡಬೇಕು. ಡಬ್ಬಿ ಮತ್ತು ಅದರ ಪ್ರೋಗ್ರಾಮ್ ಸರಿಯಾಗಿವೆಯೇ ಎಂದು ನೋಡುವವನು ನಾನು.

ನನ್ನ ಮೊದಲ ದೊಡ್ಡ ಪ್ರಮಾದ ಬಾರಿಸುವ ಗಂಟೆಯದು. ಮೊದಲ ಮಾದರಿಯಲ್ಲಿ ಜಾಬರ್‌ನನ್ನು ಕರೆಯಲು ಡಬ್ಬಿಯಲ್ಲಿ ಗಂಟೆ ಇಟ್ಟಿದ್ದೆವು. ನಾನು ಕಚೇರಿಯ ಬಾಗಿಲು ಮುಚ್ಚಿ, ಕೋಣೆಯ ಆ ಮೂಲೆಯಲ್ಲಿ ನಿಂತು ಕೇಳಿ, "ಸದ್ದು ಸಾಕಷ್ಟಿದೆ" ಎಂದು ಪರೀಕ್ಷೆಗಳನ್ನು ಬರೆದಿಡುವ ವಹಿಯಲ್ಲಿ ಬರೆದೆ. ಆಮೇಲೆ ಡಬ್ಬಿಗಳನ್ನು ನಲವತ್ತೆಂಟು ಮಗ್ಗದ ಶೆಡ್ಡಿಗೆ ಒಯ್ದೆವು. ಮಗ್ಗಗಳೆಲ್ಲ ನಡೆಯುತ್ತಿದ್ದವು. ನಾನು ಗಂಟೆ ಬಾರಿಸಿದೆ. ಡಬ್ಬಿಗೆ ಕಿವಿ ಹಚ್ಚಿ ನಿಂತಿದ್ದ ನೇಕಾರನೊಬ್ಬ ನನ್ನತ್ತ ತಿರುಗಿ ಎರಡೂ ಕೈ ಅಲ್ಲಾಡಿಸಿದ. ಶೆಡ್ಡಿನ ಜನರೆಲ್ಲ ನಗುತ್ತಿದ್ದರು. ನಗು ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ.

ಹೊರಗೆ ಬಂದಮೇಲೆ ಆ ನೇಕಾರ ಹೇಳಿದ: "ಸಾಹೇಬ್ರ, ಗಂಟಿ ಭಾಳ ಛಲೋ ಐತ್ರಿ. ಗುಡಿಯಾಗ ಕಟ್ಟರಿ."

ಆತನ ಹೆಸರು ಮಲ್ಲಪ್ಪ. ಬನಹಟ್ಟಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಇಚಲಕರಂಜಿಯಲ್ಲೇ ನೆಲೆಸಿದವನು. ಅವನಿಗೆ ಬುತ್ತಿ ತಂದಿದ್ದ ಮಗಳು ಅಲ್ಲೇ ನಿಂತಿದ್ದಳು. ಗಡಹಿಂಗ್ಲಜದ ಅಜ್ಜಿಯ ಮನೆಯಲ್ಲಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆಗಷ್ಟೇ ಮುಗಿಸಿದ್ದಳು. "ಗಂಟಿ ಯಾಕ್ರಿ?" ಎಂದಳು. "ದೀಪ ಹಚ್ಚರಿ. ಇಲ್ಲಿ ಮಂದಿ ಕಣ್ಣಿಲೇನ ಮಾತಾಡ್ತಾರ."

ದಾದಾ ಅವಳನ್ನು ಮರುವಾರವೇ ಕೆಲಸಕ್ಕೆ ತೆಗೆದುಕೊಂಡರು. ಅವಳೇ ಸುಮಂಗಲಾ. ಇನ್ನೊಂದು ವಿಷಯವನ್ನೂ ಬರೆಯಬೇಕು. ದೀಪದ ಆ ಮಾತು ದಾದಾರದು ಎಂದು ನಾನು ಬಹಳ ವರ್ಷ ನಂಬಿದ್ದೆ, ಹಾಗೇ ಹೇಳುತ್ತಲೂ ಬಂದಿದ್ದೆ. ಅದು ಅವಳದು ಎಂದು ನೆನಪಿಸಿದವರು ಸ್ವತಃ ದಾದಾ, ಸಾಯುವ ಮುಂಚಿನ ವರ್ಷ. ನನ್ನ ನೆನಪು ತಾನಾಗಿ ಯಾವ ಕಡೆಗೆ ವಾಲುತ್ತದೆ ಎಂಬುದಕ್ಕೆ ಇದು ಮೊದಲ ಪುರಾವೆ.

ಸುಮಂಗಲಾ ಬಂದಮೇಲೆ ಡಬ್ಬಿಯಲ್ಲಿ ಗಂಟೆ ಹೋಗಿ ನಾಲ್ಕು ಗುಂಡಿ, ನಾಲ್ಕು ಬಣ್ಣದ ದೀಪ ಬಂದವು. ನನ್ನ ಮೇಜಿನ ಎದುರಿಗೇ ಅವಳ ಮೇಜು. ನಾನು ಪರೀಕ್ಷೆಗಳನ್ನು ಪ್ರೋಗ್ರಾಮಿನ ವಿವರ ಓದಿ ಬರೆಯುತ್ತಿದ್ದೆ. ಅವಳು ಅರ್ಧ ದಿನ ಶೆಡ್ಡಿನಲ್ಲಿ ಕುಳಿತು, ಜನ ಡಬ್ಬಿಯನ್ನು ಹೇಗೆ ಮುಟ್ಟುತ್ತಾರೆಂದು ನೋಡಿ ಬರೆಯುತ್ತಿದ್ದಳು. ಎಣ್ಣೆಗೈಯಲ್ಲಿ ಒತ್ತಿದರೆ ಏನಾಗುತ್ತದೆ? ಹತ್ತಿಯ ಧೂಳು ಕುಳಿತು ಗುಂಡಿ ಮೇಲೇಳದಿದ್ದರೆ? ಸಿಟ್ಟಿನಲ್ಲಿ ಹತ್ತು ಸಲ ಒತ್ತಿದರೆ? ಇಂಥ ಪ್ರಶ್ನೆಗಳು ನನ್ನ ತಲೆಗೆ ಬರುತ್ತಿರಲಿಲ್ಲ. ಅವು ವಿವರದ ಕಾಗದದಲ್ಲಿ ಇರುತ್ತಿರಲಿಲ್ಲವಲ್ಲ.

ಮೊದಲ ತಿಂಗಳು ನಾನು ಅವಳನ್ನು ತಿದ್ದಿದೆ. ವಹಿಯಲ್ಲಿ ಅವಳ ಕಾಗುಣಿತವನ್ನು ಕೆಂಪು ಶಾಯಿಯಿಂದ ತಿದ್ದುತ್ತಿದ್ದೆ. ಎರಡನೆಯ ತಿಂಗಳಿಂದ ಲೆಕ್ಕ ಇಡತೊಡಗಿದೆ: ಈ ವಾರ ಅವಳು ಹಿಡಿದ ತಪ್ಪು ಎಷ್ಟು, ನಾನು ಹಿಡಿದದ್ದು ಎಷ್ಟು. ಯಾರೂ ಕೇಳಿರಲಿಲ್ಲ. ಒಂದು ವಾರವೂ ನಾನು ಮುಂದಿರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಊಟದ ಹೊತ್ತು. ಅದಕ್ಕೆ ಮುಂಚಿನ ಒಂಬತ್ತು ವರ್ಷದಲ್ಲಿ ದಾದಾ ನನ್ನ ಊಟದ ಡಬ್ಬಿಯಿಂದ ತುತ್ತು ತೆಗೆದುಕೊಂಡದ್ದು ಬೆರಳೆಣಿಕೆಯಷ್ಟು ಸಲ. ಅವಳು ಬಂದಮೇಲೆ ದಿನಾಲೂ ಅವಳ ಮೇಜಿನ ಬಳಿಯೇ ನಿಲ್ಲುತ್ತಿದ್ದರು. ಜೋಳದ ಭಕ್ಕರಿಗೆ ಅವಳ ತಾಯಿಯ ಶೇಂಗಾ ಚಟ್ನಿ ಹಚ್ಚಿಕೊಂಡು, "ವಾಃ ಸುಮಾ, ವಾಃ!" ಎನ್ನುತ್ತಿದ್ದರು. ಅದು ಚಟ್ನಿಗೆ ಹೇಳಿದ್ದೆಂದು ನನಗೆ ಒಮ್ಮೆಯೂ ಅನಿಸಲಿಲ್ಲ.

ಇನ್ನು ತಪ್ಪಿನ ವಿಷಯ. ಹೊಸಬರು ಇದನ್ನು ಗಮನವಿಟ್ಟು ಓದಬೇಕು, ಈಗಲೂ ಇಂಥ ತಪ್ಪನ್ನು ಜನ ಮಾಡುತ್ತಾರೆ.

ನೇಕಾರ ಗುಂಡಿ ಒತ್ತಿದಾಗ ಒಂದು ಘಟನೆ ಹುಟ್ಟುತ್ತದೆ. ಕಂಪ್ಯೂಟರ್ ತನ್ನ ಮೆಮೊರಿಯಿಂದ ಒಂದು ಚಿಕ್ಕ ತುಂಡು ಜಾಗ ತೆಗೆದು, ಮಗ್ಗದ ಸಂಖ್ಯೆ ಮತ್ತು ಘಟನೆಯ ನಮೂನೆಯನ್ನು ಅದರಲ್ಲಿ ಬರೆದು, ಸರದಿಯ ಕೊನೆಗೆ ನಿಲ್ಲಿಸುತ್ತದೆ. ಸರದಿಯ ಮುಂದಿನಿಂದ ಒಂದೊಂದನ್ನೇ ತೆಗೆದು ನಮೂನೆ ನೋಡುತ್ತದೆ. ನಮ್ಮಲ್ಲಿ ನಮೂನೆಗಳು ನಾಲ್ಕೇ. ಒಂದು ಎಂದರೆ ಹಾಸಿನ ಎಳೆ ಹರಿದಿದೆ. ಎರಡು, ಹೊಕ್ಕಿನ ನೂಲು ಮುಗಿದಿದೆ. ನಾಲ್ಕು, ಹಾಸಿನ ನೂಲು ಸುತ್ತಿಡುವ ಬೀಮ್ ಖಾಲಿಯಾಗಿದೆ. ಎಂಟು, ಜಾಬರ್ ಬರಬೇಕು. ಒಂದೊಂದಕ್ಕೂ ಬೇರೆ ಬೇರೆ ಕೆಲಸದ ಭಾಗ. ಆ ಭಾಗ ತನ್ನ ಕೆಲಸ ಮುಗಿಸಿ, ಕೊನೆಗೆ ಆ ತುಂಡು ಜಾಗವನ್ನು ಬಿಟ್ಟುಕೊಡುತ್ತದೆ, ಮುಂದಿನ ಘಟನೆಗೆ ಅದು ಸಿಗಲೆಂದು.

ತಪ್ಪು ಇದ್ದದ್ದು ಅಲ್ಲೇ. ಜಾಗ ಬಿಟ್ಟುಕೊಡುವ ಸಾಲನ್ನು ನಾಲ್ಕೂ ಭಾಗಗಳ ಒಳಗೆ ಬರೆದಿದ್ದರು. ಈ ನಾಲ್ಕರಲ್ಲಿ ಯಾವುದೂ ಅಲ್ಲದ ಘಟನೆ ಬಂದರೆ? ಸರದಿಯಿಂದ ಅದನ್ನು ಕಂಪ್ಯೂಟರ್ ತೆಗೆಯುತ್ತದೆ. ಯಾವ ಭಾಗವೂ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಅದು ಹಿಡಿದಿದ್ದ ಜಾಗ ಯಾರಿಗೂ ಸೇರದೆ ಹಾಗೇ ಉಳಿಯುತ್ತದೆ. ಹೀಗೆ ತುಂಡುಗಳೆಲ್ಲ ಮುಗಿದರೆ ಹೊಸ ಘಟನೆಗೆ ಜಾಗವೇ ಸಿಗದೆ ಫಲಕ ನಿಂತುಹೋಗುತ್ತದೆ.

ಒಂದು ಮಧ್ಯಾಹ್ನ ಸುಮಂಗಲಾ ವಹಿಯನ್ನು ನನ್ನ ಮುಂದಿಟ್ಟಳು. ಮಳೆ ಬರುತ್ತಿತ್ತು ಎಂದು ನೆನಪು. ಇರಲಿಕ್ಕಿಲ್ಲ, ಅದು ಮದುವೆಗಳ ಕಾಲ. ನೂರಾ ಹದಿನೇಳನೆಯ ಪರೀಕ್ಷೆ ಅವಳ ಕೈಬರಹದಲ್ಲಿತ್ತು: "ಹನ್ನೆರಡನೆಯ ನಮೂನೆಯ ನೂರು ಘಟನೆ ಕಳಿಸುವುದು. ಮೊದಲು ಖಾಲಿ ತುಂಡು ಎಷ್ಟು, ಕೊನೆಗೆ ಎಷ್ಟು? ಸಮ ಇರಬೇಕು."

"ಹನ್ನೆರಡು ಎಲ್ಲಿಂದ ಬಂತು?" ಎಂದೆ. "ಹಂಥಾ ನಮೂನೇನ ಇಲ್ಲ."

"ಐತ್ರಿ ಸರ್. ಬೀಮಿನ ಗುಂಡಿ ನಾಕು, ಜಾಬರಂದು ಎಂಟು. ಕೂಡಿ ಒತ್ತಿದ್ರ ಹನ್ನೆರಡ ಹೋಗತೈತಿ."

"ಕೂಡಿ ಯಾರು ಒತ್ತತಾರ?"

"ಎಲ್ಲಾರೂ ಒತ್ತತಾರ್ರಿ. ಕೂಡಿ ಒತ್ತಿದ್ರ ಹಳದಿ, ಕೆಂಪು ಎರಡೂ ದೀಪ ಹತ್ತತಾವ. ಆ ತುದಿಯಿಂದ ಈ ತುದಿಗೆ ಕಾಣಿಸ್ತತಿ. ಚಹಾಕ್ಕ ಬಾ ಅಂತ ಕರ್ಯೂದು ಅದು. ನಮ್ಮಪ್ಪನ ಸುರು ಮಾಡ್ಯಾನ."

ನಾನು ನಕ್ಕೆ. "ದಿನಕ್ಕ ಎಷ್ಟ ಸಲ ಚಹಾ ಕುಡೀತಾರ, ನಿಮ್ಮಪ್ಪನ ಮಂದಿ?"

ಅದನ್ನು ಅವಳು ಗೇಲಿಯೆಂದು ಎಣಿಸಲಿಲ್ಲ. ಬೆರಳು ಮಡಚಿ ಹೇಳಿದಳು: "ಚಹಾ ಅಷ್ಟ ಅಲ್ರಿ. ಸುಣ್ಣ ತಂಬಾಕಕ್ಕೂ ಅದನ ಒತ್ತತಾರ, ಮಾಲಕ ಬಂದ ಅನ್ನಾಕೂ ಅದನ. ಪಾಳಿಗೆ ಹನ್ನೆರಡ ಮಂದಿ. ಒಬ್ಬೊಬ್ಬರು ಹತ್ತ ಸಲರೆ ಒತ್ತತಾರ್ರಿ. ಎರಡ ಪಾಳಿ."

ನಾನು ಕೆಂಪು ಪೆನ್ನು ತೆಗೆದು, ಆ ಪರೀಕ್ಷೆಗೆ ಅಡ್ಡಗೆರೆ ಎಳೆದು, "ಇಂಥ ಘಟನೆ ಬರುವುದೇ ಇಲ್ಲ. ರದ್ದು" ಎಂದು ಬರೆದೆ. ಅವಳು "ಆತು ಬಿಡ್ರಿ, ನೀವ ಓದಿದವರು" ಎಂದು ತನ್ನ ಮೇಜಿಗೆ ಹೋದಳು. ವಹಿ ನನ್ನ ಮೇಜಿನ ಖಾನೆಗೆ ಹೋಯಿತು. ಇಲ್ಲಿಯವರೆಗೂ ನಾನು ನನಗೇ ಹೇಳಿಕೊಂಡು ಬಂದದ್ದು ಇಷ್ಟು: ಅವಳ ಮಾತನ್ನು ನಾನು ನಂಬಲಿಲ್ಲ. ಸಂಶಯಪಡುವುದು ನನ್ನ ವೃತ್ತಿಯಾಗಿತ್ತು, ಆ ದಿನ ತಪ್ಪು ಕಡೆಗೆ ಸಂಶಯಪಟ್ಟೆ.

ಡಬ್ಬಿಗಳು ಆ ಶೆಡ್ಡಿನಲ್ಲಿ ಮೂರು ತಿಂಗಳು ಚೆನ್ನಾಗಿ ನಡೆದವು. ನಡೆಯಲು ಕಾರಣ ನಮ್ಮ ಜಾಣತನವಲ್ಲ. ಅಲ್ಲಿ ವಾರಕ್ಕೊಂದು ದಿನ ಮಗ್ಗ ಬಂದ್. ಆ ದಿನ ಶೆಡ್ಡಿನ ಮುಖ್ಯ ಸ್ವಿಚ್ಚನ್ನೇ ತೆಗೆಯುತ್ತಾರೆ, ಕಂಪ್ಯೂಟರೂ ಆರುತ್ತದೆ. ಮರುದಿನ ಹಚ್ಚಿದಾಗ ಮೆಮೊರಿಯೆಲ್ಲ ಖಾಲಿ. ಆರು ದಿನ ಸೇರಿದ ಕಸ ಏಳನೆಯ ದಿನ ತಾನಾಗಿ ಗುಡಿಸಿಹೋಗುತ್ತಿತ್ತು.

ಆಮೇಲೆ ಶಾಲೆಯ ಸಮವಸ್ತ್ರದ ಬಟ್ಟೆಯ ದೊಡ್ಡ ಆರ್ಡರ್ ಬಂತು. ಶೆಡ್ಡಿನ ಮಾಲಕ ಆ ವಾರದ ಬಂದ್ ಬಿಟ್ಟು, ಜನರೇಟರ್ ತರಿಸಿ, ಮಗ್ಗ ನಿಲ್ಲಿಸದೆ ಓಡಿಸಿದ. ಒಂಬತ್ತನೆಯ ದಿನ ಬೆಳಿಗ್ಗೆ ಫಲಕ ಸತ್ತಿತು. ಮಗ್ಗಗಳ ಮೇಲೆ ದೀಪ ಉರಿಯುತ್ತಿವೆ, ಫಲಕದಲ್ಲಿ ಒಂದು ಸಂಖ್ಯೆಯೂ ಇಲ್ಲ, ಜಾಬರ್ ಹೊರಗೆ ಕಟ್ಟೆಯ ಮೇಲೆ ಆರಾಮಾಗಿ ಕುಳಿತಿದ್ದಾನೆ. ಅರ್ಧ ಶೆಡ್ಡು ನಿಂತಮೇಲೆ ನಮಗೆ ಫೋನ್ ಬಂತು. ಸುಮಂಗಲಾ ಅಂದು ಇರಲಿಲ್ಲ. ಸೋದರತ್ತೆಯ ಮನೆಯ ಮದುವೆಗೆಂದು ಹಲಕರ್ಣಿಗೆ ಹೋಗಿದ್ದಳು. ದಾದಾ ಮತ್ತು ನಾನು ಹೋದೆವು.

ನಾನು ಕಂಪ್ಯೂಟರ್ ಮುಂದೆ ಕುಳಿತೆ. ಒಂದು ಗಂಟೆಯಾದಮೇಲೆ ಎದ್ದು, ತಪ್ಪು ಸಿಕ್ಕಿತು ಎಂದೆ. ಜಾಗ ಬಿಟ್ಟುಕೊಡುವ ಸಾಲನ್ನು ನಾಲ್ಕು ಭಾಗಗಳಿಂದ ತೆಗೆದು, ಸರದಿಯಿಂದ ಘಟನೆ ಹೊರಬಂದಮೇಲೆ ಎಲ್ಲಕ್ಕೂ ಒಂದೇ ಕಡೆ ನಡೆಯುವಂತೆ ಹಾಕಿದ್ದೆ. ನಮೂನೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ಜಾಗ ತಿರುಗಿ ಬರುತ್ತದೆ. ಐದೇ ಸಾಲಿನ ತಿದ್ದುಪಡಿ. ದಾದಾ ಎಲ್ಲರೆದುರಿಗೆ ನನ್ನ ಬೆನ್ನು ತಟ್ಟಿದರು. ಹುಡುಕಲು ಎಷ್ಟು ಹೊತ್ತು ಬೇಕಾಯಿತು, ಉಳಿದ ಹೊತ್ತು ಏನು ಮಾಡಿದೆ ಎಂಬುದು ಮಾತ್ರ ನನಗೆ ಎಂದೂ ನೆನಪಿಗೆ ಬರಲಿಲ್ಲ.

ಶೆಡ್ಡಿನ ಮಾಲಕ ಮರಾಠಿಯಲ್ಲಿ ಕೇಳಿದ: "ಹೇ ಝಾಲಂ ಕಸಂ?" ಹೇಗಾಯಿತು ಇದು?

ನನ್ನ ಬಾಯಿಂದ ಮೊದಲು ಬಂದದ್ದು ಈ ಮಾತು: "ನಿಮ್ಮ ಜನ ಎರಡು ಗುಂಡಿ ಒಟ್ಟಿಗೆ ಒತ್ತುತ್ತಾರೆ. ಅದರಿಂದ."

"ಕುಣೀ ಶಿಕವಲಂ?" ಕಲಿಸಿದವರು ಯಾರು?

ಮಲ್ಲಪ್ಪನೇ ಮುಂದೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ನಾನ ರೀ ಮಾಲಕ," ಎಂದ. "ಚಹಾಕ್ಕ ಕರ್ಯಾಕ ಅಂತ ಮಾಡಿದ್ವಿ. ಕೆಡತೈತಿ ಅಂತ ಗೊತ್ತಿದ್ದಿದ್ದಿಲ್ರಿ."

ನಾಳೆಯಿಂದ ಬರಬೇಡ ಎಂದ ಮಾಲಕ. ಮಲ್ಲಪ್ಪ ನನ್ನ ಕಡೆ ನೋಡಿದ. ನಾನು ಏನಾದರೂ ಹೇಳುತ್ತೇನೆಂದು ಕಾದಿದ್ದನೋ, ಸುಮ್ಮನೆ ನೋಡಿದನೋ ತಿಳಿಯದು. ಗುಂಡಿ ಒತ್ತುವುದು ಅವನ ಕೆಲಸ, ಏನೇ ಬಂದರೂ ತಾಳಿಕೊಳ್ಳುವುದು ಪ್ರೋಗ್ರಾಮಿನ ಕೆಲಸ, ತಪ್ಪು ನಮ್ಮದು. ಇದಿಷ್ಟು ನನಗೆ ಗೊತ್ತಿತ್ತು. ನಾನು ತಂತಿಗಳನ್ನು ಸುತ್ತಿ ಚೀಲಕ್ಕೆ ಹಾಕುತ್ತಿದ್ದೆ.

ಮೂರನೆಯ ದಿನ ಸುಮಂಗಲಾ ಕೆಲಸಕ್ಕೆ ಬಂದಳು. ಕೈಯಲ್ಲಿ ಮದುವೆಯ ಮದರಂಗಿ ಇನ್ನೂ ಕೆಂಪಗಿತ್ತು.

"ಅಪ್ಪಂದು ಕೆಲಸ ಹೋತಂತ್ರಿ."

"ಹೂಂ."

"ನೂರಾ ಹದಿನೇಳು ನಡಿಸಿದ್ರೇನ್ರಿ ಸರ್?"

"ನಡಿಸಿದೆ."

"ಪಾಸಾತು?"

"ಈಗ ಆತು."

"ಛಲೋ ಆತು ಬಿಡ್ರಿ," ಎಂದು ಹೋಗಿ ಕುಳಿತಳು. ಆ ದಿನ ಊಟದ ಹೊತ್ತಿಗೆ ಅವಳು ಡಬ್ಬಿ ತೆಗೆಯಲಿಲ್ಲ. ತಿಂಗಳೊಳಗೆ ಕೊಲ್ಹಾಪುರದ ಬೇರೊಂದು ಕಂಪನಿಗೆ ಹೊರಟುಹೋದಳು. ಮಲ್ಲಪ್ಪನನ್ನು ಬೇರೆ ಶೆಡ್ಡಿನವರೂ ಸೇರಿಸಿಕೊಳ್ಳಲಿಲ್ಲ. ಡಬ್ಬಿ ಕೆಡಿಸಿದವನು ಎಂಬ ಮಾತು ಮಾಲಕರಲ್ಲಿ ಹಬ್ಬಿತ್ತು. ಮನೆ ಎತ್ತಿ ಅವರು ಗಡಹಿಂಗ್ಲಜಕ್ಕೆ ಹೋದರೆಂದು ಕೇಳಿದೆ. ಎದುರಿನ ಮೇಜು ಖಾಲಿಯಾಯಿತು. ನನಗೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ವಾರದ ಲೆಕ್ಕದಲ್ಲಿ ನಾನು ಮುಂದೆ ಬಂದೆ.

ಮುಂದೆ ವಹಿಯ ಕಾಲ ಮುಗಿಯಿತು. ಪರೀಕ್ಷೆಗಳೆಲ್ಲ ಕಂಪ್ಯೂಟರಿಗೆ ಹೋದವು. ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ಬದಲಾದರೂ ಸಾವಿರಾರು ಪರೀಕ್ಷೆ ತಾವಾಗಿಯೇ ಓಡುತ್ತವೆ. ವಹಿಯಿಂದ ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನದು. ನೂರಾ ಹದಿನೇಳನ್ನೂ ಇಳಿಸಿದೆ: "ಗೊತ್ತಿಲ್ಲದ ನಮೂನೆಯ ಘಟನೆಯೂ ತನ್ನ ಜಾಗ ಬಿಟ್ಟುಕೊಡಬೇಕು." ಬರೆದವರು ಎಂಬಲ್ಲಿ ನನ್ನ ಹೆಸರು ಹಾಕಿದೆ. ಅದು ಈಗಲೂ ಓಡುತ್ತಿದೆ. ವೈಶಾಲಿಯ ಕಚೇರಿಯ ಹುಡುಗರು ಅದನ್ನು ತೋರಿಸಿಯೇ ಹೊಸಬರಿಗೆ ನನ್ನ ಗಂಟೆಯ ಕಥೆ ಹೇಳುವುದು.

ಸುಮಂಗಲಾ ಕೊಲ್ಹಾಪುರದಲ್ಲಿ ಕೆಲವು ವರ್ಷ ಇದ್ದು, ಗಡಹಿಂಗ್ಲಜಕ್ಕೆ ಮರಳಿ ಸ್ವಂತ ಪರೀಕ್ಷಾ ಕೇಂದ್ರ ತೆರೆದಳು. ಯಂತ್ರಗಳ ಒಳಗಿನ ಪ್ರೋಗ್ರಾಮುಗಳನ್ನು ಪರೀಕ್ಷಿಸಲು ಪುಣೆಯಿಂದಲೂ ಅವಳಿಗೆ ಕೆಲಸ ಬರುತ್ತದೆ. ನನ್ನ ಸ್ವಂತ ಊರು ಅದು. ಹಬ್ಬಕ್ಕೆ ಹೋದಾಗ ನಮ್ಮ ಅಂಗಡಿಗೆ ಬಂದವರು, ಸುಮಂಗಲಾತಾಯಿ ಗೊತ್ತೇನು, ನಿಮ್ಮ ಲೈನಿನವರೇ, ಎಂದು ನನಗೇ ಪರಿಚಯ ಹೇಳುತ್ತಿದ್ದರು. ಮರಾಠಿ ಪತ್ರಿಕೆಯಲ್ಲಿ ಅವಳ ಫೋಟೋ ಬಂದಾಗ ಲೇಖನ ಓದುವ ಮೊದಲು ಅದರಲ್ಲಿ ನನ್ನ ಹೆಸರು ಹುಡುಕಿದೆ. ಇರಲಿಲ್ಲ. ಬೈದಿದ್ದರೂ ಸಹಿಸುತ್ತಿದ್ದೆ. ನಾನು ಅವಳನ್ನು ಇಷ್ಟು ವರ್ಷ ತಲೆಯಲ್ಲಿ ಹೊತ್ತು ತಿರುಗಿದ್ದೆ, ಅವಳ ಕಥೆಯಲ್ಲಿ ನನಗೆ ಒಂದು ಸಾಲೂ ಇರಲಿಲ್ಲ.

ಪುಸ್ತಿಕೆಗಾಗಿ ಬರೆಯುವ ಮೊದಲು ಒಂದು ಪುರಾವೆಯಾದರೂ ನೋಡೋಣವೆಂದು ಇಚಲಕರಂಜಿಗೆ ಹೋದೆ. ಕಚೇರಿ ಈಗ ದೊಡ್ಡದಾಗಿದೆ. ಹಳೆಯ ವಹಿಗಳನ್ನು ವೈಶಾಲಿ ರದ್ದಿಗೆ ಹಾಕಲು ಕಟ್ಟಿಸಿಟ್ಟಿದ್ದಳು. ಗಂಟು ಬಿಚ್ಚಿ ನನ್ನ ಕಾಲದ ವಹಿ ಹುಡುಕಿದೆ. ನೂರಾ ಹದಿನೇಳು ಸಿಕ್ಕಿತು. ಅವಳ ದುಂಡು ಅಕ್ಷರ ನೆನಪಿದ್ದಂತೆಯೇ ಇತ್ತು. ನನ್ನ ಕೆಂಪು ಗೆರೆಯೂ, "ರದ್ದು" ಎಂಬುದೂ ನೆನಪಿದ್ದಂತೆಯೇ ಇದ್ದವು.

ಪುಟದ ಕೆಳಗೆ, ಮೂಲೆಯಲ್ಲಿ, ಸಣ್ಣದಾಗಿ ಪೆನ್ಸಿಲಿನಲ್ಲಿ ಬರೆದದ್ದು ಮಾತ್ರ ನೆನಪಿರಲಿಲ್ಲ:

"12 × 10 × 2 = 240. ಖಾಲಿ ತುಂಡು 2000. 8 ದಿನ ದಾಟುತ್ತದೆ. 7ಕ್ಕೆ ಬಂದ್. ನಡೀತದ."

ಮೊದಲು ಇದು ಅವಳದಿರಬೇಕು ಎಂದುಕೊಂಡೆ. ಆಮೇಲೆ ಏಳನ್ನು ನೋಡಿದೆ. ಏಳಕ್ಕೆ ನಡುವೆ ಅಡ್ಡಗೀಟು ಹಾಕುವ ಅಭ್ಯಾಸ ಆ ಕಚೇರಿಯಲ್ಲಿ ನನ್ನೊಬ್ಬನದು. ವಿಶ್ವವಿದ್ಯಾಲಯದಲ್ಲಿ ಕಲಿತದ್ದು.

ಕುರ್ಚಿ ಎಳೆದುಕೊಂಡು ಕುಳಿತೆ. ನಾನು ಅವಳ ಮಾತನ್ನು ನಂಬಿದ್ದೆ. ಗೇಲಿಯಂತೆ ಕೇಳಿದ ಪ್ರಶ್ನೆಯ ಉತ್ತರವನ್ನು ಇಟ್ಟುಕೊಂಡು ಲೆಕ್ಕ ಮಾಡಿದ್ದೆ. ಮೆಮೊರಿ ಯಾವ ದಿನ ತುಂಬುತ್ತದೆಂದು ಕಂಡುಕೊಂಡಿದ್ದೆ. ವಾರದ ಬಂದ್ ಇರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನಪಟ್ಟು ವಹಿ ಮುಚ್ಚಿದ್ದೆ. ಒಂಬತ್ತನೆಯ ದಿನ ಫಲಕ ಸತ್ತಿತೆಂದು ಕೇಳಿದಾಗಲೇ ಏನಾಗಿದೆ ಎಂಬುದು ನನಗೆ ತಿಳಿದಿರಬೇಕು. ಆ ಗಂಟೆಯಲ್ಲಿ ಹತ್ತು ನಿಮಿಷ ತಿದ್ದುವುದಕ್ಕೆ ಸಾಕು. ಉಳಿದ ಐವತ್ತು ನಿಮಿಷ ಹುಡುಕುವವನಂತೆ ಕುಳಿತಿದ್ದೆ.

ಏಕೆ ರದ್ದು ಮಾಡಿದೆ? ಅದು ಒಳ್ಳೆಯ ಪರೀಕ್ಷೆಯಾಗಿತ್ತು. ಅದನ್ನು ನಾನು ಬರೆದಿರಲಿಲ್ಲ.

ಮರುದಿನ ವಹಿಯನ್ನು ಚೀಲದಲ್ಲಿಟ್ಟುಕೊಂಡು ಗಡಹಿಂಗ್ಲಜದ ಬಸ್ ಹಿಡಿದೆ. ಸುಮಂಗಲಾಳ ಮನೆ ಅವಳ ಕೇಂದ್ರದ ಮೇಲಿನ ಮಹಡಿಯಲ್ಲಿ. ಕೂದಲು ಅರ್ಧ ಬೆಳ್ಳಗಾಗಿತ್ತು. "ಬರ್ರಿ ಸರ್, ಬರ್ರಿ. ಎಷ್ಟ ವರ್ಷಾದುವ್ರಿ," ಎಂದು ಕುರ್ಚಿ ಹಾಕಿದಳು. ಒಂದಿಷ್ಟೂ ಕಹಿ ಕಾಣಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚಾಯಿತು.

ಪುಸ್ತಿಕೆಯ ವಿಷಯ ಹೇಳಿ, ವಹಿ ತೆರೆದು ಮೇಜಿನ ಮೇಲಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಕೆಂಪು ಗೆರೆಯನ್ನು ದಾಟಿ ನೇರ ಪೆನ್ಸಿಲಿಗೆ ಬೆರಳಿಟ್ಟಳು.

"ಇದನ್ನ ನೋಡಿದ್ದೆ ರೀ ನಾ."

"ಯಾವಾಗ?"

"ಮದುವಿ ಮುಗಿಸಿ ಬಂದೆನಲ್ರಿ, ಅವತ್ತ. ನೀವು ಊಟಕ್ಕ ಎದ್ದಾಗ ನಿಮ್ಮ ಖಾನೆ ತಗದು ನೋಡಿದೆ."

"ದಾದಾಗ ಯಾಕ ತೋರಿಸಲಿಲ್ಲ?"

"ಹೆಂಗ ತೋರಸ್ಲಿ ಸರ್? ಕೆಲಸಕ್ಕ ಸೇರಿ ಆರ ತಿಂಗಳಾದ ಹುಡಿಗಿ ನಾ. ಅಪ್ಪ ಡಬ್ಬಿ ಕೆಡಿಸಿದವ. ನಿಮ್ಮ ಬೆನ್ನ ತಟ್ಟಿದ ಕೈ ಇನ್ನೂ ಆರಿದ್ದಿಲ್ಲ." ವಹಿಯನ್ನು ನನ್ನ ಕಡೆ ಸರಿಸಿದಳು. "ನಂದು ಬಿಡ್ರಿ. ನನಗ ನಿಮ್ಮಿಂದ ಏನೂ ಆಗಬೇಕಾಗಿಲ್ಲ. ಅಪ್ಪಂದ ಒಂದು ಉಳದೈತಿ. ಅಂವ ಇವತ್ತಿಗೂ ತನ್ನದ ತಪ್ಪು ಅಂತ ತಿಳದಾನ. ಮಗಳ ಕಂಪನಿ ಡಬ್ಬಿ ನಾ ಕೆಡಿಸಿದೆ, ಅದಕ್ಕ ಮಗಳು ಅಲ್ಲಿ ನಿಲ್ಲಲಿಲ್ಲ ಅಂತ."

"ನೀವು ಹೇಳಬಹುದಿತ್ತಲ್ರಿ," ಎಂದೆ. ಅವಳಿಗೆ ನಾನು ನೀವು ಎಂದದ್ದು ಆ ದಿನವೇ ಮೊದಲು.

"ಎಷ್ಟೋ ಸಲ ಹೇಳೇನಿ. ಮಗಳು ಸಮಾಧಾನಕ್ಕ ಹೇಳತಾಳ ಅಂತಾನ. ಸಾಹೇಬ್ರು ಎಲ್ಲಾರ ಮುಂದ ಹೇಳ್ಯಾರ, ಓದಿದವರು ಸುಳ್ಳ ಹೇಳತಾರೇನು ಅಂತಾನ."

ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನು ಎರಡು ಸಲ ಒತ್ತಿದಳು. ಹಿಂದಿನ ಕೋಣೆಯ ದೀಪ ಎರಡು ಸಲ ಹತ್ತಿ ಆರಿತು. ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ನಿಂತ ಮಲ್ಲಪ್ಪನಿಗೆ ಈಗ ಏನೂ ಕೇಳಿಸುವುದಿಲ್ಲವಂತೆ. ಕೋಲು ಊರಿಕೊಂಡು ಬಂದ. ಮುದುಕನಾಗಿದ್ದ, ಆದರೆ ಮುಖ ಅದೇ. ಚಹಾದ ಮುಂದೆ ಕುಳಿತು ನನ್ನನ್ನು ಬಹಳ ಹೊತ್ತು ನೋಡಿದ.

"ಗಂಟಿ ಸಾಹೇಬ್ರಲ್ಲೇನ್ರಿ!" ಎಂದು ಎದೆ ತುಂಬ ನಕ್ಕ. "ಗುಡಿಯಾಗ ಕಟ್ಟಿದ್ರೋ ಇಲ್ಲೋ?"

ನಾನೂ ನಕ್ಕೆ. ನಗು ನಿಂತಮೇಲೆ ಬಟ್ಟಲನ್ನು ಕೆಳಗಿಟ್ಟು ಕೇಳಿದ: "ಆ ಡಬ್ಬಿ ಮತ್ತ ನಡೀತೇನ್ರಿ ಸಾಹೇಬ್ರ? ನಾ ಕೆಡಿಸಿದ್ದು?"

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ದೊಡ್ಡ ದನಿಯಲ್ಲಿ, ಕೈ ಆಡಿಸಿ ಹೇಳಿದೆ. ಆತ ದೊಡ್ಡವರ ಮಾತಿಗೆ ತಲೆದೂಗುವಂತೆ ತಲೆದೂಗಿ, "ಹೌದ್ರಿ, ಹೌದ್ರಿ. ಆದದ್ದಾತು, ಕ್ಷಮಾ ಮಾಡ್ರಿ," ಎಂದ.

"ಕೇಳೂದಿಲ್ರಿ ಅವಂಗ," ಎಂದಳು ಸುಮಂಗಲಾ. "ಬರದು ಕೊಡ್ರಿ. ಕನ್ನಡದಾಗ ಬರೀರಿ, ಬ್ಯಾರೆ ಓದಾಕ ಬರೂದಿಲ್ಲ. ಆ ಪುಸ್ತಕದಾಗ ಹಾಕಸ್ರಿ. ಕೈಲೆ ಬರದ್ರ ನಾನ ಬರಸೇನಿ ಅಂತಾನ. ಅಚ್ಚಾದದ್ದು ಇದ್ರ ನಂಬತಾನ."

ವೈಶಾಲಿಗೆ ಫೋನ್ ಮಾಡಿ ಕೇಳಿದೆ. ಪುಸ್ತಿಕೆ ಮರಾಠಿಯದು, ನಡುವೆ ಇದೊಂದು ಲೇಖನ ಮಾತ್ರ ಕನ್ನಡದಲ್ಲಿ ಯಾಕೆ ಕಾಕಾ ಎಂದಳು. ಕಾರಣ ಹೇಳಿದೆ. ಎರಡೂ ಭಾಷೆಯಲ್ಲಿ ಹಾಕೋಣ ಎಂದಳು. ನೂರಾ ಹದಿನೇಳರ ಎದುರು ನನ್ನ ಹೆಸರನ್ನು ಅಳಿಸಿ ಸುಮಂಗಲಾಳ ಹೆಸರು ಹಾಕಿಸಿದ್ದೇನೆ. ಹಾಕುವಾಗ ಕೈಗೆ ಸುಖವೆನಿಸಲಿಲ್ಲ. ಅದನ್ನೂ ಬರೆದಿಡುತ್ತೇನೆ.

ಹೊಸಬರು ಇಲ್ಲಿಗೆ ನಿಲ್ಲಿಸಬಹುದು. ಮುಂದಿನ ಸಾಲುಗಳು ಒಬ್ಬರಿಗೆ.

ಮಲ್ಲಪ್ಪನವರೇ, ಇದು ಅಚ್ಚಾಗಿದೆ. ನೀವು ಎರಡು ಗುಂಡಿ ಕೂಡಿ ಒತ್ತಿದ್ದು ತಪ್ಪಲ್ಲ. ಯಾವ ಗುಂಡಿಯನ್ನು ಹೇಗೆ ಒತ್ತಿದರೂ ಕೆಡದಂತೆ ಡಬ್ಬಿ ಮಾಡುವುದು ನಮ್ಮ ಕೆಲಸವಾಗಿತ್ತು, ನಾವು ಮಾಡಿರಲಿಲ್ಲ. ಡಬ್ಬಿ ಕೆಡುತ್ತದೆ ಎಂಬುದನ್ನು ನಿಮ್ಮ ಮಗಳು ಮೊದಲೇ ಬರೆದುಕೊಟ್ಟಿದ್ದಳು. ಅದು ನಿಜವೆಂದು ಗೊತ್ತಿದ್ದೂ ಕೆಂಪು ಗೆರೆ ಎಳೆದವನು, ಮಾಲಕನ ಮುಂದೆ ನಿಮ್ಮ ಮೇಲೆ ಹೇಳಿದವನು ಗಂಟಿ ಸಾಹೇಬ. ಕ್ಷಮೆ ಕೇಳಬೇಕಾದವರು ನೀವಲ್ಲ.

ನಿಮ್ಮ ಚಹಾದ ಕರೆ ಈಗಲೂ ಆ ಡಬ್ಬಿಯಲ್ಲಿ ನಡೆಯುತ್ತದೆ. ಎರಡೂ ದೀಪ ಹತ್ತುತ್ತವೆ, ಏನೂ ಕೆಡುವುದಿಲ್ಲ. ಹೋದ ವಾರ ಶೆಡ್ಡಿಗೆ ಹೋಗಿ ನಾನೇ ಒತ್ತಿ ನೋಡಿದೆ. ಆ ತುದಿಯಿಂದ ಒಬ್ಬ ನೇಕಾರ ಕೈ ಒರೆಸಿಕೊಳ್ಳುತ್ತ ಎದ್ದು ಬಂದ.